ಕಾಲಡಿ ನೆರಳೇ ಇಲ್ಲದ ಫೋಟೋಗಳು

ಮಾನ್ಯ ಸಂಪಾದಕರೇ,

ನಿಮ್ಮ ಪುರವಣೀಲಿ ನಂದಿಬೆಟ್ಟದ ಬಗ್ಗೆ ಬಂದಿದ್ದ ಲೇಖನ ಚೆನ್ನಾಗಿತ್ತು, ಆದ್ರೆ ಮೇಲೆ ಹಾಕಿದ್ದ ಫೋಟೋ ನೋಡಿ ನಮ್ಮ ಸ್ಟುಡಿಯೋದಲ್ಲಿ ಎಲ್ರೂ ನಕ್ಕುಬಿಟ್ವಿ. ಸೂರ್ಯ ಹುಟ್ತಾ ಇರೋದು ಹಿಂದೆ, ಮುಂದೆ ನಿಂತಿರೋ ಗಂಡ ಹೆಂಡ್ತಿ ಮಗೂಗೆ ಬೆಳಕು ಬಿದ್ದಿರೋದು ಎದುರಿಂದ, ನೆರಳು ನೋಡಿದ್ರೆ ಬೆನ್ನ ಹಿಂದೆ ಗೋಡೆ ಇದೆಯೇನೋ ಅನ್ನೋ ಥರ ಮೈಸುತ್ತ ಕರ್ರಗೆ ಒಂದು ಅಂಚು. ಕಾಲಡಿ ಏನೂ ಇಲ್ಲ. ಬೇರೆ ಫೋಟೋದಿಂದ ಅವ್ರನ್ನ ಕಟ್ ಮಾಡಿ ಅಂಟಿಸಿ, ಫೋಟೋಶಾಪಲ್ಲಿ ರೆಡಿಮೇಡ್ ನೆರಳು ಕೊಡೋ ಡ್ರಾಪ್ ಶ್ಯಾಡೋ ಒತ್ತಿ ಕೈ ತೊಳ್ಕೊಂಡವ್ರೆ ಅಂತ ಗೊತ್ತಾಯ್ತು.

ಫ್ಲೆಕ್ಸಲ್ಲಿ ಇದೆಲ್ಲ ನಡೆಯುತ್ತೆ ಬಿಡಿ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೇಲಿ ಹುಟ್ಟುಹಬ್ಬದ ಫ್ಲೆಕ್ಸ್ ನೋಡಿ ಯಾರೂ ಇದು ನಿಜವಾಗ್ಲೂ ನಡೆದಿದ್ದು ಅಂದ್ಕೊಳಲ್ಲ, ಹತ್ತು ಮುಖ ಕಟ್ ಮಾಡಿ ಅಂಟಿಸಿರ್ತೀವಿ, ಗಿರಾಕಿ ಕೇಳೋದೇ ಹಂಗೆ. ಪೇಪರ್ ಹಂಗಲ್ಲ ಸಾರ್. ಪೇಪರಲ್ಲಿ ಬಂದ ಫೋಟೋನ ಜನ ನಂಬ್ತಾರೆ, ಅದಕ್ಕೇ ಈ ಕಾಗದ.

ಡ್ರಾಪ್ ಶ್ಯಾಡೋ ಅನ್ನೋದು ಅಕ್ಷರಕ್ಕೆ, ಲೋಗೋಗೆ ಇರೋದು, ನೆಲದ ಮೇಲೆ ನಿಂತ ಮನುಷ್ಯನಿಗಲ್ಲ. ನಿಂತವರಿಗೆ ನೆರಳು ಬೇಕಂದ್ರೆ ಆಳಿನ ಲೇಯರನ್ನೇ, ಅಂದ್ರೆ ಆಳಿರೋ ಚಿತ್ರದ ಪದರಾನೇ, ಇನ್ನೊಂದು ಕಾಪಿ ತಗೊಂಡು, ಕಪ್ಪು ತುಂಬಿ, ಕಂಟ್ರೋಲ್ ಟಿ ಒತ್ತಿ ಡಿಸ್ಟಾರ್ಟಲ್ಲಿ ನೆಲಕ್ಕೆ ಮಲಗಿಸ್ಬೇಕು, ಹಿಮ್ಮಡಿ ಹತ್ರ ಕಚ್ಚಿಕೊಂಡಿರ್ಬೇಕು, ಆಮೇಲೆ ಬ್ಲೆಂಡ್ ಮೋಡ್ ಮಲ್ಟಿಪ್ಲೈಗೆ ಹಾಕಿದ್ರೆ ಕೆಳಗಿನ ಹುಲ್ಲು ಕಲ್ಲು ನೆರಳೊಳಗೂ ಕಾಣುತ್ತೆ. ಇಷ್ಟು ಎಲ್ಲರಿಗೂ ಗೊತ್ತು. ಎಡವೋದು ಇದಾದ್ಮೇಲೆ.

ಮೊದಲ್ನೇದು ಬ್ಲರ್, ಅಂದ್ರೆ ಅಂಚು ಮಸುಕು ಮಾಡೋದು. ನಮ್ಮ ಹುಡುಗ್ರು ಇಡೀ ನೆರಳಿಗೆ ಒಂದೇ ಅಳತೆ ಬ್ಲರ್ ಕೊಟ್ಟುಬಿಡ್ತಾರೆ. ಸೂರ್ಯ ಒಂದು ಚುಕ್ಕೆ ಅಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲ ಇದೆ, ಹಂಗಾಗಿ ನೆರಳು ಮಾಡೋ ವಸ್ತು ನೆಲದಿಂದ ದೂರ ಆದಷ್ಟೂ ಅಂಚು ಮಸುಕಾಗ್ತಾ ಹೋಗುತ್ತೆ, ಒಂದು ಮೀಟರ್ ದೂರಕ್ಕೆ ಹೆಚ್ಚುಕಮ್ಮಿ 9 ಮಿಲಿಮೀಟರ್. ಅಂದ್ರೆ ಚಪ್ಪಲಿ ಹತ್ರ ಚೂಪು, ತಲೆ ಕಡೆ ಮಸುಕು. ಬ್ಲರ್ ಮಾಡಿದ್ದು ಒಂದು, ಮಾಡ್ದೇ ಇರೋದು ಒಂದು, ಎರಡು ಲೇಯರ್ ಇಟ್ಟು ಮಾಸ್ಕಲ್ಲಿ (ಲೇಯರಿನ ಯಾವ ಭಾಗ ಕಾಣ್ಬೇಕು ಅಂತ ಹೇಳೋ ಪರದೆ) ಗ್ರೇಡಿಯಂಟ್ ಎಳೆದ್ರೆ ಸಾಕು, ಒಂದು ನಿಧಾನಕ್ಕೆ ಇನ್ನೊಂದಕ್ಕೆ ಕರಗುತ್ತೆ. ಕಾಲು ನೆಲ ಮುಟ್ಟೋ ಜಾಗದಲ್ಲಿ ಸಣ್ಣ ಬ್ರಷ್ಷಲ್ಲಿ ಇನ್ನೊಂದಿಷ್ಟು ಗಾಢ ಮಾಡ್ಬೇಕು, ಇಲ್ಲಾಂದ್ರೆ ಆಳು ನೆಲದಿಂದ ಒಂದು ಗೇಣು ಮೇಲೆ ತೇಲ್ತಿರ್ತಾನೆ. ನನ್ನ ಕೇಳಿದ್ರೆ ಉದ್ದನೆ ನೆರಳಿಗಿಂತ ಈ ಒಂದು ಗೆರೆ ಮುಖ್ಯ, ಮೋಡ ಮುಚ್ಚಿದ ದಿನದ ಫೋಟೋಲಿ ಇರೋದೇ ಅಷ್ಟು.

ಬಣ್ಣದ ವಿಷ್ಯಕ್ಕೆ ಬಂದ್ರೆ, ಬಯಲಿನ ನೆರಳು ಅಚ್ಚ ಕಪ್ಪು ಯಾವತ್ತೂ ಇರಲ್ಲ. ಸೂರ್ಯನ ಬೆಳಕು ಅಡ್ಡ ಆದ್ರೂ ಆಕಾಶದ ಬೆಳಕು ಬೀಳ್ತಾನೇ ಇರುತ್ತಲ್ಲ, ಅದಕ್ಕೆ ಸ್ವಲ್ಪ ನೀಲಿ ತಿರುಗುತ್ತೆ. ಅದೇ ಫೋಟೋಲಿ ಪಕ್ಕದ ಮರದ ನೆರಳಿಂದ ಐಡ್ರಾಪರಲ್ಲಿ ಬಣ್ಣ ತಗೊಂಡು ಹೊಂದಿಸಿ ನೋಡಿ.

ಉದ್ದ, ದಿಕ್ಕು ಎರಡೂ ಮನಸ್ಸಿಗೆ ಬಂದಂಗೆ ಎಳೆಯೋದಲ್ಲ. ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ರೆ ನೆರಳು ಆಳುದ್ದ, 30ಕ್ಕಿಳಿದ್ರೆ ಆಳಿನ 1.7 ಪಟ್ಟು. ನಮ್ಮೂರಲ್ಲಿ ಏಪ್ರಿಲ್ ಕೊನೆ ವಾರ, ಆಮೇಲೆ ಆಗಸ್ಟ್ ಮಧ್ಯದಲ್ಲಿ ಒಂದ್ಸಲ, ಮಧ್ಯಾಹ್ನ ಹನ್ನೆರಡು ಕಾಲು ಹನ್ನೆರಡೂವರೆ ನಡುವೆ ಕಂಬದ ನೆರಳು ಕಂಬದ ಬುಡಕ್ಕೇ ಬೀಳುತ್ತೆ, ಡಿಸೆಂಬರಲ್ಲಿ ಅದೇ ಹೊತ್ತಿಗೆ ಉತ್ತರಕ್ಕೆ ಕಂಬದ ಮುಕ್ಕಾಲು ಉದ್ದ ಇರುತ್ತೆ. ಭೋಗ ನಂದೀಶ್ವರ ದೇವಸ್ಥಾನದ ಕಲ್ಯಾಣಿ ಮೆಟ್ಟಿಲ ಮೇಲೆ ಬೆಳಿಗ್ಗೆ ನಿಂತು ನೋಡಿ, ನಿಮ್ಮ ನೆರಳು ಒಂದೊಂದು ಮೆಟ್ಟಿಲಿಗೂ ಮುರಿದು ಮುರಿದು ಇಳಿಯುತ್ತೆ. ಮದುವೆ ಆಲ್ಬಮ್ಮಲ್ಲಿ ಅಲ್ಲೇ ನವದಂಪತಿ ಅಂಟಿಸಿ ನೆರಳು ನೇರ ಹಾಸಿದ್ದನ್ನ ನಾನು ನೋಡಿದೀನಿ, ಚಾಪೆ ಥರ.

ಇನ್ನು ನಿಮ್ಮ ಡೆಸ್ಕಿಗೆ ಒಂದು ಉಪಾಯ, ಸ್ಕೇಲ್ ಪೆನ್ಸಿಲ್ ಸಾಕು. ನೆರಳಲ್ಲಿ ಒಂದು ಬಿಂದು, ಆ ನೆರಳು ಬೀಳಿಸಿದ ಬಿಂದು (ತಲೆಯ ನೆರಳಾದ್ರೆ ತಲೆ), ಎರಡನ್ನೂ ಸೇರಿಸಿ ಗೆರೆ ಎಳೀರಿ. ಫೋಟೋಲಿರೋ ಬೇರೆಯವ್ರಿಗೂ ಮರಕ್ಕೂ ಹಂಗೇ ಎಳೀರಿ. ಎಲ್ಲ ಗೆರೆ ಒಂದೇ ಕಡೆ ಹೋಗಿ ಸೇರ್ಬೇಕು, ಇಲ್ಲಾ ಸಮಾನಾಂತರ ಓಡ್ಬೇಕು. ಒಂದು ಗೆರೆ ತಪ್ಪಿ ಬೇರೆ ದಾರಿ ಹಿಡೀತು ಅಂದ್ರೆ ಅಲ್ಲಿ ಯಾರೋ ಕೈಯಾಡಿಸಿದಾರೆ ಅಂತ ಅನುಮಾನ ಪಡಿ. ಅಮೆರಿಕದ ಸಂಶೋಧಕರಾದ ಎರಿಕ್ ಕೀ, ಜೇಮ್ಸ್ ಓಬ್ರಿಯನ್, ಹನಿ ಫರಿದ್ 2013ರಲ್ಲಿ ನಕಲಿ ಫೋಟೋ ಹಿಡಿಯೋಕೆ ಇದೇ ಲೆಕ್ಕಾನ ಕಂಪ್ಯೂಟರಿಗೆ ಕೂರಿಸಿ ತೋರಿಸಿದ್ರು.

ಈಗ ನೀವು ಕೇಳ್ಬಹುದು, ನೆರಳು ಇಷ್ಟು ಚೆನ್ನಾಗಿ ಮಾಡಿದ್ರೆ ಓದುಗರು ಇನ್ನೂ ಮೋಸ ಹೋಗಲ್ವಾ ಅಂತ. ಹೋಗ್ತಾರೆ, ಅದೇ ನನ್ನ ಚಿಂತೆ. ಕೆಟ್ಟ ನೆರಳಿದ್ರೆ ನಮ್ಮಂಥೋರು ಕಂಡುಹಿಡೀತೀವಿ, ಒಳ್ಳೇದಾದ್ರೆ ನಮಗೂ ಗೊತ್ತಾಗಲ್ಲ. ಅದಕ್ಕೇ ಎರಡು ಫೋಟೋ ಸೇರಿಸಿ ಒಂದು ಮಾಡಿದಾಗ, ನೆರಳು ಚೆನ್ನಾಗಿರ್ಲಿ ಕೆಟ್ಟಿರ್ಲಿ, ಕೆಳಗೆ ಸಣ್ಣಕ್ಷರದಲ್ಲಿ ‘ಜೋಡಿಸಿದ ಚಿತ್ರ’ ಅಂತ ಹಾಕಿಸಿ. ಸಾಂದರ್ಭಿಕ ಚಿತ್ರ ಅಂತ ಹಾಕೋಕೆ ಜಾಗ ಇದೆಯಲ್ಲ, ಅದೇ ಜಾಗ ಸಾಕು.

ಇಂತಿ,
ಒಬ್ಬ ಸ್ಟುಡಿಯೋದವ,
ಚಿಕ್ಕಬಳ್ಳಾಪುರ