ನಿಮ್ಮ ನ್ಯೂಸ್‌ಲೆಟರಿಗೆ ನಿಮ್ಮದೇ ಡೊಮೈನ್: ಏಪ್ರಿಲ್ 1ರಿಂದ ಬದಲಾವಣೆ

ಮಾನ್ಯ ಗ್ರಾಹಕರೇ,

ನಮಸ್ಕಾರ. ನಮ್ಮ ಸಂಸ್ಥೆಯ ಮೂಲಕ ನ್ಯೂಸ್‌ಲೆಟರ್ ಕಳುಹಿಸುವ ಲೇಖಕರೆಲ್ಲರ ಪತ್ರಗಳೂ ಇದುವರೆಗೆ ನಮ್ಮ ಡೊಮೈನಿನ (ಇ-ಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ, ಜಾಲತಾಣದ ವಿಳಾಸವೂ ಆಗುವ ಹೆಸರಿನ) ಅಡಿಯಲ್ಲೇ ಹೊರಡುತ್ತಿದ್ದವು. ಬರುವ ಏಪ್ರಿಲ್ 1ರಿಂದ ಪ್ರತಿಯೊಬ್ಬರ ಪತ್ರವೂ ಅವರವರ ಸ್ವಂತ ಡೊಮೈನಿನಿಂದ ಹೋಗಬೇಕು ಮತ್ತು ಆ ಡೊಮೈನ್ ಅವರ ಹೆಸರಿನಲ್ಲೇ ನೋಂದಣಿಯಾಗಿರಬೇಕು ಎಂದು ತೀರ್ಮಾನಿಸಿದ್ದೇವೆ. ನಮ್ಮ ಸೇವಾ ಶುಲ್ಕದಲ್ಲಿ ಬದಲಾವಣೆಯಿಲ್ಲ. ಡೊಮೈನಿನ ವಾರ್ಷಿಕ ಶುಲ್ಕವನ್ನು ಮಾತ್ರ ನೀವು ನೋಂದಣಿ ಸಂಸ್ಥೆಗೆ ನೇರವಾಗಿ ಕಟ್ಟಬೇಕಾಗುತ್ತದೆ.

ಭಾರಿ ಸಂಖ್ಯೆಯಲ್ಲಿ (ಗೂಗಲ್ ಲೆಕ್ಕದಲ್ಲಿ ಜಿಮೇಲ್ ಖಾತೆಗಳಿಗೆ ದಿನಕ್ಕೆ ಸುಮಾರು 5,000 ಅಥವಾ ಹೆಚ್ಚು) ಇ-ಮೇಲ್ ಕಳುಹಿಸುವ ಡೊಮೈನುಗಳಿಗೆ ಗೂಗಲ್ ಮತ್ತು ಯಾಹೂ 2024ರ ಫೆಬ್ರುವರಿಯಿಂದ ನಿಯಮಗಳನ್ನು ಬಿಗಿಗೊಳಿಸಿವೆ. ಪತ್ರ ನಿಜಕ್ಕೂ ಆ ಡೊಮೈನಿನಿಂದಲೇ ಬಂದಿದೆ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದೃಢೀಕರಣ ದಾಖಲೆಗಳು ಇರಲೇಬೇಕು, ಸ್ಪ್ಯಾಮ್ ಎಂಬ ದೂರುಗಳು ಶೇ. 0.3ನ್ನು ಮುಟ್ಟಬಾರದು. ಹಲವರು ಒಂದೇ ಡೊಮೈನನ್ನು ಹಂಚಿಕೊಂಡಾಗ ಎಲ್ಲರ ಪತ್ರಗಳೂ ಒಂದೇ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಒಬ್ಬರ ಪತ್ರಕ್ಕೆ ಬಂದ ದೂರಿನಿಂದ, ವರ್ಷಗಟ್ಟಲೆ ಶ್ರದ್ಧೆಯಿಂದ ಬರೆಯುತ್ತ ಬಂದ ಇನ್ನೊಬ್ಬರ ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವ ಸಾಧ್ಯತೆಯಿದೆ.

ಇದಕ್ಕಿಂತ ದೊಡ್ಡ ಕಾರಣ ಒಡೆತನದ್ದು. ಟ್ವಿಟರಿನ ಒಡೆತನದಲ್ಲಿದ್ದ ರೆವ್ಯೂ ಎಂಬ ನ್ಯೂಸ್‌ಲೆಟರ್ ಸೇವೆ 2023ರ ಜನವರಿಯಲ್ಲಿ ಮುಚ್ಚಿತು. ಇ-ಮೇಲ್ ಸಂಸ್ಥೆ ಮೇಲ್‌ಚಿಂಪ್ ನಡೆಸುತ್ತಿದ್ದ ಅಂಥದೇ ಸೇವೆ ಟೈನಿಲೆಟರ್ 2024ರ ಫೆಬ್ರುವರಿ ಕೊನೆಗೆ ನಿಂತಿತು. ಇಂಥ ಹೊತ್ತಿನಲ್ಲಿ ಚಂದಾದಾರರ ಪಟ್ಟಿಯನ್ನು ಇಳಿಸಿಕೊಳ್ಳಬಹುದು, ಆದರೆ ಓದುಗರು ಗುರುತಿಟ್ಟುಕೊಂಡ, ಬೇರೆಯವರು ತಮ್ಮ ಬರಹಗಳಲ್ಲಿ ಉಲ್ಲೇಖಿಸಿದ ವಿಳಾಸಗಳು ಕೈಬಿಟ್ಟುಹೋಗುತ್ತವೆ. ನಮ್ಮದು ಸಣ್ಣ ಸಂಸ್ಥೆ. ನಾಳೆ ನಾವಿರಲಿ, ಇಲ್ಲದಿರಲಿ, ಅಥವಾ ನೀವೇ ಬೇರೆಡೆಗೆ ಹೋಗಲು ಬಯಸಿರಲಿ, ಡಿಎನ್‌ಎಸ್‌ನಲ್ಲಿ (ಡೊಮೈನ್ ಯಾವ ಕಂಪ್ಯೂಟರಿಗೆ ಸೇರಿದೆ ಎಂದು ಅಂತರಜಾಲಕ್ಕೆ ತಿಳಿಸುವ ವಿಳಾಸಪಟ್ಟಿಯಲ್ಲಿ) ಕೆಲವು ಸಾಲು ಬದಲಿಸಿದರೆ ನಿಮ್ಮ ವಿಳಾಸ ನಿಮ್ಮ ಜೊತೆಗೇ ಬರುವಂತಿರಬೇಕು ಎಂಬುದು ನಮ್ಮ ಕಳಕಳಿ.

ಹೆಸರನ್ನು ಆರಿಸುವಾಗ ಕನ್ನಡದವರು ಹೆಚ್ಚು ಯೋಚಿಸಬೇಕಾದದ್ದು ಇಂಗ್ಲಿಷ್ ಅಕ್ಷರಗಳಲ್ಲಿ ಅದರ ಕಾಗುಣಿತವನ್ನು. ‘ಮಾತು’ ಎಂಬ ಸರಳ ಹೆಸರನ್ನೇ ನೋಡಿ. ಒಬ್ಬರು ಎಂ ನಂತರ ಒಂದೇ ‘ಎ’ ಹಾಕುತ್ತಾರೆ, ಇನ್ನೊಬ್ಬರು ಎರಡು. ‘ತು’ ಬರೆಯಲು ಕೆಲವರಿಗೆ ‘ಟಿ’ ಸಾಕು, ನಮ್ಮಲ್ಲಿ ಬಹಳ ಮಂದಿಗೆ ‘ಟಿ’ಯ ಜೊತೆ ‘ಎಚ್’ ಬೇಕು. ಎರಡೇ ಅಕ್ಷರದ ಹೆಸರಿಗೆ ಅಲ್ಲಿಗೇ ನಾಲ್ಕು ರೂಪಗಳಾದವು. ಸಭೆಯಲ್ಲೋ ಫೋನಿನಲ್ಲೋ ಹೆಸರು ಕೇಳಿದ ಓದುಗರು ಬೇರೆಯದನ್ನು ಟೈಪ್ ಮಾಡಿದರೆ ನಿಮ್ಮ ಪತ್ರ ಅವರಿಗೆ ಸಿಗುವುದಿಲ್ಲ. ದೀರ್ಘಾಕ್ಷರ, ತ-ದ ವರ್ಗದ ಅಕ್ಷರಗಳಿಲ್ಲದ ‘ಕವನ’, ‘ಬಿಸಿಲು’ ಮೊದಲಾದ ಪದಗಳಲ್ಲಿ ಈ ತೊಡಕು ಕಡಿಮೆ. ಮನಸ್ಸಿನಲ್ಲಿರುವ ಹೆಸರನ್ನು ಮನೆಯವರಿಗೆ, ಸ್ನೇಹಿತರಿಗೆ ಬಾಯಿಮಾತಿನಲ್ಲಿ ಹೇಳಿ, ಅವರ ಕೈಯಲ್ಲೇ ಟೈಪ್ ಮಾಡಿಸಿ ನೋಡಿ. ಆ ಹೆಸರನ್ನು ಬಿಡಲಾಗದಿದ್ದರೆ ಇನ್ನೊಂದು ಪ್ರಚಲಿತ ರೂಪವನ್ನೂ ಕೊಂಡು ಮೊದಲನೆಯದಕ್ಕೆ ತಿರುಗಿಸಬಹುದು. ನಡುವೆ ಅಡ್ಡಗೆರೆ, ಅಂಕಿ ಬೇಡ. ಪತ್ರದ ಶೀರ್ಷಿಕೆ ಮುಂದೆ ಬದಲಾಗಬಹುದು ಎನಿಸಿದರೆ ನಿಮ್ಮ ಸ್ವಂತ ಹೆಸರನ್ನೇ ಡೊಮೈನ್ ಮಾಡಿಕೊಳ್ಳುವುದು ಉತ್ತಮ ಎಂಬುದು ನಮ್ಮ ಅಭಿಪ್ರಾಯ.

ಡೊಮೈನಿನ ಕೊನೆಯ ಭಾಗಕ್ಕೆ ಡಾಟ್ ಇನ್ ಅಥವಾ ಡಾಟ್ ಕಾಮ್ ಸಾಕು. ಕನ್ನಡ ಲಿಪಿಯಲ್ಲೇ ‘.ಭಾರತ’ ಡೊಮೈನ್ ಸಿಗುತ್ತದೆ, ಅದನ್ನು ಕೊಳ್ಳುವವರ ಬಗ್ಗೆ ನಮಗೆ ಗೌರವವಿದೆ. ಆದರೆ ಕೆಲವು ತಂತ್ರಾಂಶಗಳು ಅಂಥ ವಿಳಾಸವನ್ನು ‘ಎಕ್ಸ್‌ಎನ್’ ಎಂದು ಆರಂಭವಾಗುವ, ಓದಲಾಗದ ಅಕ್ಷರಮಾಲೆಯಾಗಿ ತೋರಿಸುತ್ತವೆ, ಹಲವು ಅರ್ಜಿ ನಮೂನೆಗಳು ಅದನ್ನು ಇ-ಮೇಲ್ ವಿಳಾಸವೆಂದು ಒಪ್ಪುವುದೂ ಇಲ್ಲ. ಆದ್ದರಿಂದ ಸದ್ಯಕ್ಕೆ ಅದನ್ನು ಜಾಲತಾಣಕ್ಕೆ ಬಳಸಿ, ಪತ್ರವನ್ನು ಇಂಗ್ಲಿಷ್ ಅಕ್ಷರಗಳ ಡೊಮೈನಿನಿಂದ ಕಳುಹಿಸುವಂತೆ ಸಲಹೆ ನೀಡುತ್ತೇವೆ.

ಕೊಳ್ಳುವಾಗ ಮೊದಲ ವರ್ಷದ ರಿಯಾಯಿತಿ ದರಕ್ಕಿಂತ ನವೀಕರಣದ ದರವನ್ನು ನೋಡಿ. ನೋಂದಣಿ ಖಾತೆಗೆ ಅದೇ ಡೊಮೈನಿನ ಇ-ಮೇಲ್ ವಿಳಾಸವನ್ನು ಕೊಡಲೇಬೇಡಿ. ಡೊಮೈನಿನ ಅವಧಿ ಮುಗಿದ ಮೇಲೆ ಆ ವಿಳಾಸ ಕೆಲಸ ಮಾಡುವುದನ್ನು ನಿಲ್ಲಿಸಬಹುದು, ಆಗ ಎಚ್ಚರಿಕೆಯ ಪತ್ರಗಳೂ ನಿಮಗೆ ತಲುಪುವುದಿಲ್ಲ. ಡಾಟ್ ಕಾಮ್ ಡೊಮೈನ್ ಅವಧಿ ಮುಗಿದು ಅಳಿಸಲ್ಪಟ್ಟರೂ 30 ದಿನ ಹೆಚ್ಚಿನ ದಂಡ ತೆತ್ತು ಬಿಡಿಸಿಕೊಳ್ಳಲು ಅವಕಾಶವಿರುತ್ತದೆ. ಅದೂ ಕಳೆದರೆ ಯಾರು ಬೇಕಾದರೂ ಅದನ್ನು ಕೊಳ್ಳಬಹುದು, ನಿಮ್ಮ ಹಳೆಯ ಓದುಗರು ಅಪರಿಚಿತರ ಪುಟಕ್ಕೆ ಹೋಗಿ ತಲುಪಬಹುದು. ಸಾಧ್ಯವಿದ್ದವರು ಕೆಲವು ವರ್ಷಗಳ ಶುಲ್ಕವನ್ನು ಒಟ್ಟಿಗೆ ಕಟ್ಟಿ. ಗರಿಷ್ಠ ಅವಧಿ 10 ವರ್ಷ.

ದಯವಿಟ್ಟು ಮಾರ್ಚ್ 15ರೊಳಗೆ ನೀವು ಕೊಂಡ ಡೊಮೈನನ್ನು ನಮಗೆ ತಿಳಿಸಿ. ಡಿಎನ್‌ಎಸ್‌ನಲ್ಲಿ ಸೇರಿಸಬೇಕಾದ ಸಾಲುಗಳನ್ನು ನಾವು ಬರೆದು ಕಳುಹಿಸುತ್ತೇವೆ, ಬೇಕಾದವರಿಗೆ ಫೋನಿನಲ್ಲಿ ಜೊತೆಗಿದ್ದು ಮಾಡಿಸುತ್ತೇವೆ. ಆದರೆ ನಿಮ್ಮ ಖಾತೆಯ ಪಾಸ್‌ವರ್ಡನ್ನು ನಾವು ಕೇಳುವುದಿಲ್ಲ, ನೀವೂ ಕೊಡಬೇಡಿ. ಹೊಸ ಡೊಮೈನಿನಿಂದ ಮೊದಲ ಪತ್ರಗಳು ನಿಯಮಿತವಾಗಿ ಓದುವವರಿಗೆ ಮಾತ್ರ ಹೋಗುತ್ತವೆ, ಬಳಿಕ ಹಂತಹಂತವಾಗಿ ಪೂರ್ತಿ ಪಟ್ಟಿಗೆ. ಹಳೆಯ ವಿಳಾಸಕ್ಕೆ ಬರುವ ಓದುಗರನ್ನು ಮುಂದಿನ ಎರಡು ವರ್ಷ ನಿಮ್ಮ ಹೊಸ ವಿಳಾಸಕ್ಕೆ ಕಳುಹಿಸುತ್ತಿರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಗ್ರಾಹಕ ಸೇವಾ ವಿಭಾಗ