ಬೆಟ್ಟ ಹತ್ತುವವರಿಗೂ ಹತ್ತದವರಿಗೂ

ನಮ್ಮ ವ್ಯಾಯಾಮದ ಗುಂಪಿನ ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 6ಕ್ಕೆ ಚಾಮುಂಡಿ ಬೆಟ್ಟದ ಪಾದದ ಹತ್ತಿರ ಸೇರೋಣ. ಸಾವಿರ ಮೆಟ್ಟಿಲೂ ಹತ್ತಲೇಬೇಕೆಂಬ ಹಟ ಬೇಡ. ದಾರಿಯಲ್ಲಿರುವ ನಂದಿ ವಿಗ್ರಹದವರೆಗೆ ಹೋಗಿ ಕೂತರೂ ಹಾಜರಿ ಹಾಜರಿಯೇ. ಮಂಡಿ ನೋವಿರುವವರು ಹತ್ತುವಾಗಿನದಕ್ಕಿಂತ ಇಳಿಯುವಾಗ ಹೆಚ್ಚು ಜೋಪಾನ. ಮೇಲಿಂದ ಬಸ್ಸಿದೆ, ನಾಚಿಕೆಯೇನೂ ಇಲ್ಲ.

ಬೆಟ್ಟ ಒಗ್ಗದವರು ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯಿರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಇಂಥದ್ದೇ ಮಾಡಿ ಎಂದಿಲ್ಲ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. (ನಮ್ಮಲ್ಲಿ ಕೆಲವರು ಓಡುತ್ತಲೂ ಮಾತು ನಿಲ್ಲಿಸುವುದಿಲ್ಲ, ಅದು ಬೇರೆ ವಿಷಯ.) ಬೇಗ ಏಳಲಾಗದವರು ಸಂಜೆ ಮಾಡಿ. ಈಜು, ಷಟಲ್, ಸೂರ್ಯನಮಸ್ಕಾರ ಯಾವುದಾದರೂ ಸರಿ. ಒಂದು ತಿಂಗಳು ಮಾಡಿ ನೋಡಿ, ಬೇಸರ ಬಂದರೆ ಬದಲಿಸಿ.

ಒಂದು ಕೋರಿಕೆ: ದಿನದ ಹೆಜ್ಜೆ ಲೆಕ್ಕದ ಸ್ಕ್ರೀನ್‌ಶಾಟ್ ಇಲ್ಲಿ ಹಾಕುವುದನ್ನು ನಿಲ್ಲಿಸೋಣ. ಹೊಸಬರು ಅದನ್ನು ನೋಡಿಯೇ ಹಿಂಜರಿಯುತ್ತಿದ್ದಾರೆ. ಬದಲಿಗೆ, ಮೊದಲು ಆಗದೆ ಈಗ ಆಗುತ್ತಿರುವುದನ್ನು ಬರೆಯಿರಿ: ಒಳ್ಳೆ ನಿದ್ದೆ, ತರಕಾರಿ ಚೀಲ ಹಿಡಿದು ಮೂರನೇ ಮಹಡಿ ಹತ್ತಿದ್ದು, ಏನಾದರೂ.

ಬರುವವರು ಶನಿವಾರ ರಾತ್ರಿಯೊಳಗೆ ಹೆಸರು ಹಾಕಿ. ನೀರು ತನ್ನಿ.