ಮಗಳಿಗೊಂದು ಪತ್ರ: ಮಾವನ ಸಾಲಕ್ಕೆ ನೀನು ಸಾಲ ಮಾಡಬೇಡ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನಿನಲ್ಲಿ "ಅಮ್ಮಾ, ನಾನು ಆರು ಲಕ್ಷ ಪರ್ಸನಲ್ ಲೋನ್ ತೆಗೆದು ಮಾವನ ಸಾಲ ಒಂದೇ ಸಲ ತೀರಿಸಿಬಿಡ್ತೇನೆ" ಅಂದಾಗ ನಾನು ಏನೂ ಹೇಳದೆ ಫೋನ್ ಇಟ್ಟುಬಿಟ್ಟೆ. ಕೋಪ ಅಂದುಕೊಳ್ಳಬೇಡ. ಪಕ್ಕದಲ್ಲೇ ನಿನ್ನ ಅತ್ತೆ ಕೂತಿದ್ದಳು. ಅವಳ ಎದುರಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಈಗ ಎಲ್ಲರೂ ಮಲಗಿದ್ದಾರೆ, ಕೊನೆಯ ಲೋಕಲ್ ರೈಲು ಹೋದ ಶಬ್ದವೂ ಕೇಳಿಸಿತು. ಬೇಡ ಅಂತಲೇ ಹೇಳುತ್ತೇನೆ, ಯಾಕೆ ಅಂತಲೂ ಬರೆಯುತ್ತೇನೆ. ಉದ್ದ ಆಗುತ್ತದೆ, ಪುಣೆಯಲ್ಲಿ ನಿನ್ನ ರೂಮಿನಲ್ಲಿ ಕೂತು ಸಾವಕಾಶ ಓದು.

ನಿನ್ನ ಮಾವನಿಗೆ, ನನ್ನ ತಮ್ಮನಿಗೆ, ಲಕ್ವ ಹೊಡೆದು ಇವತ್ತಿಗೆ ಏಳು ವಾರ. ಮೊದಲ ಹನ್ನೊಂದು ದಿನ ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಐಸಿಯು ಬಾಗಿಲಲ್ಲಿ ನಿಂತು ಸಾಲ ಎಷ್ಟಿದೆ ಅಂತ ಕೇಳಿದರೆ ಅವನು ಇನ್ನು ಉಳಿಯುವುದಿಲ್ಲ ಅಂತ ನಾವೇ ಹೇಳಿದ ಹಾಗೆ ಆಗುತ್ತದಲ್ಲ ಅನ್ನುವ ಭಯ. ಅವನ ಫೋನ್ ಚಾರ್ಜ್ ಇಲ್ಲದೆ ಅತ್ತೆಯ ಚೀಲದಲ್ಲಿ ಬಿದ್ದಿತ್ತು. ಹನ್ನೆರಡನೇ ದಿನ ಚಾರ್ಜಿಗೆ ಹಾಕಿದರೆ ಮೆಸೇಜುಗಳು ಬಂದೇ ಬಂದವು. ಫ್ಲ್ಯಾಟಿನ ಇಎಂಐ ಬೌನ್ಸ್ ಆಗಿತ್ತು. ಎರಡು ಕ್ರೆಡಿಟ್ ಕಾರ್ಡಿನ ಕೊನೆ ದಿನ ದಾಟಿತ್ತು. ಆಸ್ಪತ್ರೆ ಖರ್ಚಿನ ವಿಮೆ, ಮೆಡಿಕ್ಲೇಮ್, ರಿನ್ಯೂ ಮಾಡಲು ಆರೇ ದಿನ ಉಳಿದಿತ್ತು. ಆವತ್ತು ಸಂಜೆಯೇ ಅಪ್ಪ ಹೋಗಿ ಪ್ರೀಮಿಯಂ ಕಟ್ಟಿ ಬಂದರು. ಇನ್ನು ಒಂದು ವಾರ ಆ ಫೋನ್ ಚೀಲದಲ್ಲೇ ಇದ್ದಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ. ಅವನ ಸಿಮ್‌ಗೆ ತಪ್ಪದೆ ರೀಚಾರ್ಜ್ ಮಾಡಿಸುತ್ತಿದ್ದೇನೆ. ಎಲ್ಲ ಒಟಿಪಿ ಬರುವುದು ಅದಕ್ಕೇ ಅಲ್ವಾ.

ಆಮೇಲೆ ಗಟ್ಟಿ ಮನಸ್ಸು ಮಾಡಿ ಅವನ ಹತ್ತಿರ ಕೂತೆ. ಮಾತು ಬರುತ್ತಿರಲಿಲ್ಲ, ಬಲಗೈ ಬಿದ್ದುಹೋಗಿತ್ತು, ಆದರೆ ಹೇಳಿದ್ದೆಲ್ಲ ಅವನಿಗೆ ಅರ್ಥ ಆಗುತ್ತದೆ ಅಂತ ಡಾಕ್ಟರು ಹೇಳಿದ್ದರು. "ಹೌದಾದರೆ ಎಡಗೈಯಲ್ಲಿ ಒಂದು ಸಲ ಅದುಮು, ಅಲ್ಲವಾದರೆ ಎರಡು ಸಲ" ಅಂದೆ. ಉದ್ದದ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಹೆಸರು ಹೇಳುತ್ತಾ ಹೋದೆ. ಬ್ಯಾಂಕು, ಕಾರ್ಡು, ಅತ್ತೆಯ ಬಳೆಯ ಮೇಲಿನ ಗೋಲ್ಡ್ ಲೋನು, ದುಡ್ಡು ಎತ್ತಿಯಾಗಿ ಕಂತು ಮಾತ್ರ ಉಳಿದಿರುವ ಚೀಟಿ, ಹಾಲಿನವನು, ಕಿರಾಣಿಯವನು. ಎಲ್ಲ ಮುಗಿಯಿತು ಅಂದುಕೊಂಡು ಪುಸ್ತಕ ಮುಚ್ಚಲು ಹೋದರೆ ಅವನು ಕೈ ಬಿಡಲಿಲ್ಲ. ಐದು ಬೆರಳು ತೋರಿಸಿದ, ಮತ್ತೆ ಒಂದು ಬೆರಳು. ಆರು ಲಕ್ಷವಾ ಅಂದೆ, ಎರಡು ಸಲ ಅದುಮಿದ. ಅರವತ್ತು ಸಾವಿರವಾ ಅಂದೆ, ಒಂದು ಸಲ. ಯಾರಿಗೆ ಅಂತ ಗೊತ್ತಾಗಲು ಅರ್ಧ ಗಂಟೆ ಹಿಡಿಯಿತು. ಅವನು ನಡೆಸುತ್ತಿದ್ದ ಹೋಟೆಲಿನ ಅಡಿಗೆ ಭಟ್ರು. 2020ರ ಲಾಕ್‌ಡೌನಿನಲ್ಲಿ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಮುಂಬಯಿಯ ಯಾವ ಹೋಟೆಲಿನಲ್ಲೂ ಗಿರಾಕಿಯನ್ನು ಕೂರಿಸಿ ಬಡಿಸುವ ಹಾಗಿರಲಿಲ್ಲ. ಆಗ ಭಟ್ರು ಊರಿಗೆ ಕಳಿಸಲು ಕೂಡಿಟ್ಟ ದುಡ್ಡನ್ನು ಇವನ ಕೈಗೆ ಕೊಟ್ಟಿದ್ದರಂತೆ. ಒಂದು ಚೀಟಿಯ ತುಂಡೂ ಇಲ್ಲ. ಅತ್ತೆಗೂ ಗೊತ್ತಿರಲಿಲ್ಲ. ಭಟ್ರ ಹೆಸರು ನನ್ನ ಬಾಯಿಂದ ಬಂದಾಗ ಅವನು ಅದುಮಿದ ಕೈ ಹಾಗೇ ಹಿಡಿದುಕೊಂಡು ಅತ್ತ ಪುಟ್ಟಿ. ಎಷ್ಟು ದಿನದಿಂದ ಹೇಳಬೇಕು ಅಂತ ಒದ್ದಾಡಿದ್ದನೋ ಏನೋ. ನಾವು ಅವನಿಗೆ ಬೇಜಾರಾಗುತ್ತದೆ ಅಂತ ಕೇಳದೆ ಇದ್ದೆವು, ಅವನು ಯಾರೂ ಕೇಳುವುದಿಲ್ಲವಲ್ಲ ಅಂತ ಮಲಗಿದ್ದ.

ಈಗ ನಿನ್ನ ಆರು ಲಕ್ಷದ ವಿಷಯ. ಎರಡು ಕಾರ್ಡಿನ 3.4 ಲಕ್ಷ, ಪರ್ಸನಲ್ ಲೋನಿನ 2.8 ಲಕ್ಷ, ಸೇರಿದರೆ 6.2 ಲಕ್ಷ. ನೀನು ಲೆಕ್ಕ ಹಾಕಿದ್ದು ಇದನ್ನೇ, ಯಾಕೆಂದರೆ ದಿನಾ ಫೋನ್ ಮಾಡುವವರು ಇವರೇ. ಆದರೆ ಗಲಾಟೆ ಜಾಸ್ತಿ ಮಾಡುವವನಿಗೆ ಮೊದಲು ಕೊಡಬೇಕು ಅಂತ ಏನೂ ಇಲ್ಲ. ಈ ಎರಡಕ್ಕೂ ಮಾವ ಏನನ್ನೂ ಅಡವು ಇಟ್ಟಿಲ್ಲ, ಯಾರೂ ಜಾಮೀನು ಹಾಕಿಲ್ಲ. ಕಾರ್ಡಿನ ಬಡ್ಡಿ ತಿಂಗಳಿಗೆ ಶೇಕಡಾ ಮೂರರ ಮೇಲೆ, ಅದು ಬೆಳೆಯುತ್ತದೆ, ನಿಜ. ಆದರೂ ಅದು ಅವನೊಬ್ಬನ ಸಾಲ. ನೀನು ಲೋನ್ ತೆಗೆದು ಅದನ್ನು ಕಟ್ಟಿದ ದಿನ ಅದು ನಿನ್ನ ಸಾಲ ಆಗುತ್ತದೆ, ನಿನ್ನ ಸಂಬಳಕ್ಕೆ ಐದು ವರ್ಷ ಅಂಟಿಕೊಳ್ಳುತ್ತದೆ, ಮಾವನ ಫಿಸಿಯೋಗೆ ಮಾತ್ರ ಅದರಿಂದ ಒಂದು ರೂಪಾಯಿ ಸಿಗುವುದಿಲ್ಲ. ಮುಂದೆ ಬ್ಯಾಂಕಿನವರು ಒಂದಿಷ್ಟು ಬಿಟ್ಟು ಸೆಟಲ್‌ಮೆಂಟ್‌ಗೆ ಬರಬಹುದು. ಆಗ ನಮ್ಮ ಸಾಲದ ಚರಿತ್ರೆ ಬರೆದಿಡುವ ಸಿಬಿಲ್ ರಿಪೋರ್ಟಿನಲ್ಲಿ ಸಾಲ ಪೂರ್ತಿ ಮುಗಿಯಿತು ಅಂತ ಬರುವುದಿಲ್ಲ, ಸೆಟಲ್ ಆಯಿತು ಅಂತ ಬರುತ್ತದೆ, ಮತ್ತೆ ಸಾಲ ಸಿಗುವುದು ಕಷ್ಟ. 58 ವರ್ಷದ, ಕೈ ಬಿದ್ದಿರುವ ನನ್ನ ತಮ್ಮನಿಗೆ ಇನ್ನು ಹೊಸ ಸಾಲ ಯಾಕೆ ಬೇಕು? ನಿನಗೆ ನಾಳೆ ಮನೆಗೆ ಸಾಲ ಬೇಕಾಗುತ್ತದೆ.

ಹಾಗಂತ ಅವರಿಗೆ ಮುಖ ತಪ್ಪಿಸಿಲ್ಲ. ಇಬ್ಬರಿಗೂ ಡಿಸ್ಚಾರ್ಜ್ ಕಾಗದದ ಜೊತೆ ಈಮೇಲ್ ಹಾಕಿದ್ದೇವೆ, ಇಂಥ ಸ್ಥಿತಿ, ಸದ್ಯ ಕಟ್ಟಲು ಆಗುವುದಿಲ್ಲ, ಕಂತು ಕಮ್ಮಿ ಮಾಡಿ ಅಂತ. ಬರವಣಿಗೆಯಲ್ಲಿ ಇದ್ದರೆ ನಾಳೆ ಏನಾದರೂ ಕೇಸು ಅಂತ ಬಂದರೆ ತೋರಿಸಬಹುದು. ಒಬ್ಬ ರಿಕವರಿಯವನು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಮಾವನ ಮಗನಿಗೆ "ಅಪ್ಪನ ಸಾಲ ಮಗನೇ ತೀರಿಸಬೇಕು" ಅಂತ ಹೆದರಿಸಿದ. ಹುಡುಗ ಎರಡು ದಿನ ಕಾಲೇಜಿಗೆ ಹೋಗಲಿಲ್ಲ. ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಟೈಮ್ ಸಮೇತ ಬರೆದಿಟ್ಟು ಬ್ಯಾಂಕಿಗೆ ದೂರು ಕೊಟ್ಟೆವು. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಮತ್ತೆ, ಅಪ್ಪನ ಸಾಲ ಮಗ ತೀರಿಸಬೇಕು ಅನ್ನುವುದು ಸುಳ್ಳು. ಅಪ್ಪ ತೀರಿಕೊಂಡರೂ ಅವನಿಂದ ಬಂದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ಸಾಲಗಾರರು ಕೇಳಬಹುದು, ಮಗನ ಸ್ವಂತ ದುಡಿಮೆಗೆ ಕೈ ಹಾಕುವ ಹಾಗಿಲ್ಲ. ಸಹಿ ಹಾಕಿದವರ ಕಥೆ ಬೇರೆ. ಜಾಮೀನು ಹಾಕಿದವನು ಸಾಲ ತಗೊಂಡವನಷ್ಟೇ ಹೊಣೆ. ಫ್ಲ್ಯಾಟಿನ ಲೋನಿಗೆ ಅತ್ತೆಯ ಸಹಿ ಇದೆ, ಅದು ಅವಳ ಸಾಲವೂ ಹೌದು. ಅದಕ್ಕೇ ಹೇಳುತ್ತೇನೆ, ಹುಡುಗ ಏನಾದರೂ ಹೊಸ ಲೋನಿನ ಕಾಗದ ತಂದು ಅಕ್ಕಾ ಒಂದು ಸಹಿ ಹಾಕು ಅಂದರೆ ನೀನು ಹಾಕಬೇಡ. ನನಗೆ ಫೋನ್ ಮಾಡು.

ಫ್ಲ್ಯಾಟಿನ ಇಎಂಐ ಮಾತ್ರ ಬಿಡುವ ಹಾಗಿಲ್ಲ. 90 ದಿನ ಬಾಕಿ ಉಳಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಲೆಕ್ಕಕ್ಕೆ ಹೋಗುತ್ತದೆ, ಆಮೇಲೆ 60 ದಿನದ ನೋಟಿಸು, ಅದರಲ್ಲೂ ಕಟ್ಟದಿದ್ದರೆ ಮನೆಯನ್ನೇ ವಶಕ್ಕೆ ತಗೊಳ್ಳಲು ಬರುತ್ತಾರೆ. ಡೊಂಬಿವಲಿಯ ಆ ಎರಡು ಕೋಣೆ ಬಿಟ್ಟರೆ ಅವರಿಗೆ ತಲೆ ಮೇಲೆ ಸೂರಿಲ್ಲ. ನಾನೇ ಬ್ಯಾಂಕಿಗೆ ಹೋಗಿ ಅವಧಿ ಉದ್ದ ಮಾಡಿ ಕಂತು ಇಳಿಸಿ ಅಂತ ಅರ್ಜಿ ಕೊಟ್ಟು ಬಂದೆ. ಔಷಧ, ಮನೆ, ಊಟ, ಮೊದಲು ಇಷ್ಟು. ಆಮೇಲೆ ಹೋಟೆಲಿನ ಹುಡುಗರ ಸಂಬಳ.

ಹೋಟೆಲಿನ ವಿಷಯದಲ್ಲಿ ಅತ್ತೆಗೂ ನನಗೂ ಜಗಳವೇ ಆಯಿತು. ಕಂಡಕ್ಟಿಂಗಿಗೆ, ಅಂದರೆ ಬೇರೆಯವರದ್ದನ್ನು ನಡೆಸಲು ತಗೊಂಡ ಹೋಟೆಲು, ಲೈಸೆನ್ಸ್ ಮಾಲೀಕ ಸೇಠ್ ಹೆಸರಿನಲ್ಲಿ, ತಿಂಗಳು ತಿಂಗಳು ಅವನಿಗೆ ಕಟ್ಟಬೇಕು. ಮಾವ ಗಲ್ಲಾದಲ್ಲಿ ಕೂತಾಗಲೇ ಕಷ್ಟದಲ್ಲಿ ನಡೆಯುತ್ತಿತ್ತು. 21 ವರ್ಷದ ಹುಡುಗ ಪರೀಕ್ಷೆ ಬಿಟ್ಟು ಬಂದು ಕೂತರೆ ನಡೆಯುತ್ತದಾ? "ಇಪ್ಪತ್ತು ವರ್ಷದ ಹೋಟೆಲು ಅತ್ತಿಗೆ, ಅವರು ಎದ್ದು ಬಂದು ಕೇಳಿದರೆ ಏನು ಹೇಳಲಿ" ಅಂತ ಅತ್ತೆ ಅತ್ತಳು. ಅವಳ ಸಂಕಟ ನನಗೆ ಅರ್ಥ ಆಗುತ್ತದೆ. ಆದರೆ ಸೇಠ್ ಹತ್ತಿರ 8 ಲಕ್ಷ ಡಿಪಾಸಿಟ್ ಇದೆ ಅನ್ನುವುದನ್ನು ಎಲ್ಲರೂ ಮರೆತಿದ್ದರು. ಸಾಲದ ಲೆಕ್ಕ ಹಾಕುವಾಗ ಬರಬೇಕಾದ್ದನ್ನೂ ಬರೆಯಬೇಕು ಪುಟ್ಟಿ, ಅದಕ್ಕೇ ಪುಸ್ತಕದ ಎಡಗಡೆ ಕೊಡಬೇಕಾದ್ದು, ಬಲಗಡೆ ಬರಬೇಕಾದ್ದು ಅಂತ ಬರೆದೆ. ಪ್ರತಿ ತಿಂಗಳು ನಷ್ಟದಲ್ಲಿ ನಡೆಸಿದರೆ ಆ ಡಿಪಾಸಿಟ್ ಕರಗಿ ಹೋಗುತ್ತಿತ್ತು. ಕೊನೆಗೆ ಮಾವನನ್ನೇ ಕೇಳಿದೆ. ಬಹಳ ಹೊತ್ತು ಗೋಡೆ ನೋಡಿದ. ಆಮೇಲೆ ಒಂದು ಸಲ ಅದುಮಿದ. ಬೀಗದ ಕೈ ಕೊಟ್ಟು, ಲೈಟ್ ಬಿಲ್ಲು, ಬಾಕಿ ಎಲ್ಲ ಕಳೆದು 7.1 ಲಕ್ಷ ಬಂತು.

ಅದರಲ್ಲಿ ಹುಡುಗರ ಸಂಬಳ 1.9 ಲಕ್ಷ ಕೊಟ್ಟೆವು. ಕಿರಾಣಿ, ಹಾಲು, ಗ್ಯಾಸಿನವರಿಗೆ 1.7 ಲಕ್ಷ. ಅವರಿಗೆ ಮೊದಲು ಕೊಡಲು ಇನ್ನೊಂದು ಕಾರಣ ಇತ್ತು. ಮಾವ ಸಹಿ ಹಾಕಿದ ಚೆಕ್ಕುಗಳನ್ನು ಅವರ ಹತ್ತಿರ ಇಟ್ಟಿದ್ದ. ಚೆಕ್ ಹಾಕಿ ಬೌನ್ಸ್ ಆದರೆ ನೋಟಿಸ್ ಬಂದ 15 ದಿನದಲ್ಲಿ ಕಟ್ಟಬೇಕು, ಇಲ್ಲದಿದ್ದರೆ ಕ್ರಿಮಿನಲ್ ಕೇಸು. ದುಡ್ಡು ಕೊಟ್ಟು ಒಂದೊಂದು ಚೆಕ್ಕನ್ನೂ ವಾಪಸ್ ಪಡೆದು ಹರಿದು ಹಾಕಿದೆವು. ಭಟ್ರಿಗೆ ಅರವತ್ತು ಸಾವಿರ. ಅವರು ಮನೆಗೆ ಬಂದು "ಈಗ ಬೇಡ ಅಕ್ಕ, ಅಣ್ಣ ಹುಷಾರಾಗಲಿ" ಅಂದರು. ಮಾವ ಮಂಚದಿಂದಲೇ ಎಡಗೈ ಎತ್ತಿದ, ಐದು ಬೆರಳು, ಮತ್ತೆ ಒಂದು. ಭಟ್ರು ಸುಮ್ನೆ ತಗೊಂಡರು. ಉಳಿದ 2.9 ಲಕ್ಷ ಔಷಧಕ್ಕೆ ಮತ್ತು ಮನೆಯ ಕಂತಿಗೆ.

ಬ್ಯಾಂಕಿನಿಂದ ಅವನ ದುಡ್ಡು ತೆಗೆಯುವುದೂ ಒಂದು ಸಾಹಸ ಆಯಿತು. ಹುಡುಗನಿಗೆ ಎಟಿಎಂ ಪಿನ್ ಗೊತ್ತಿತ್ತು, ಬೇಡ ಅಂದೆ. ಯಾರು ಎಷ್ಟು ತೆಗೆದರು ಅಂತ ನಾಳೆ ನೆಂಟರಲ್ಲಿ ಮಾತು ಬರುತ್ತದೆ. ಕೌಂಟರಿನಲ್ಲಿ "ಸಹಿ ಇಲ್ಲದೆ ಆಗಲ್ಲ" ಅಂದರು. ಕಾಯಿಲೆಯಾದವರು ಹೆಬ್ಬೆಟ್ಟು ಒತ್ತಿ ಹಣ ತೆಗೆಯಬಹುದು, ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ ಆಗಿರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಕೈ ಬೆರಳು ಆಗದಿದ್ದರೆ ಕಾಲಿನ ಬೆರಳೂ ನಡೆಯುತ್ತದೆ. ಮ್ಯಾನೇಜರ್ ಹತ್ತಿರ ಹೋಗಿ ಇದನ್ನೇ ಹೇಳಿದೆ, ಮಾರನೇ ದಿನ ಒಬ್ಬರು ಆಸ್ಪತ್ರೆಗೇ ಬಂದರು. ಅವನ ಪರವಾಗಿ ವ್ಯವಹಾರ ಮಾಡುವ ಅಧಿಕಾರದ ಕಾಗದ, ಪವರ್ ಆಫ್ ಅಟಾರ್ನಿಯನ್ನೂ ಅತ್ತೆಯ ಹೆಸರಿಗೆ ಮಾಡಿಸಿದೆವು. ಓಡಾಡಲು ಆಗದವರಿಗೆ ಸಬ್ ರಿಜಿಸ್ಟ್ರಾರ್ ಮನೆಗೇ ಬಂದು ಮಾಡಿಕೊಡಲು ಕಾನೂನಿನಲ್ಲಿ ಅವಕಾಶ ಇದೆ. ಅವನಿಗೆ ಬುದ್ಧಿ ಸರಿ ಇರುವಾಗಲೇ ಮಾಡಬೇಕು, ಯಾಕೆಂದರೆ ಕೊಟ್ಟವನ ಬುದ್ಧಿ ಸ್ವಾಧೀನ ತಪ್ಪಿದರೆ ಆ ಕಾಗದ ಬಿದ್ದುಹೋಗುತ್ತದೆ ಅಂತ ವಕೀಲರು ಹೇಳಿದರು. ಕೋಮಾಕ್ಕೆ ಹೋದ ಗಂಡನ ವ್ಯವಹಾರ ನೋಡಿಕೊಳ್ಳಲು ಒಬ್ಬ ಹೆಂಡತಿ ಬಾಂಬೆ ಹೈಕೋರ್ಟಿಗೇ ಹೋಗಬೇಕಾಯಿತಂತೆ, 2020ರಲ್ಲಿ ಕೋರ್ಟು ಅವಳನ್ನು ಗಾರ್ಡಿಯನ್ ಅಂತ ನೇಮಿಸಿತು. ನಮಗೆ ಆ ಅಲೆದಾಟ ತಪ್ಪಿತು.

ಒಂದು ವಿಷಯಕ್ಕೆ ಇನ್ನೂ ಹೊಟ್ಟೆ ಉರಿಯುತ್ತದೆ. ಮೆಡಿಕ್ಲೇಮ್ ಇದ್ದದ್ದು 3 ಲಕ್ಷಕ್ಕೆ. ರೂಮಿನ ಬಾಡಿಗೆಗೆ ದಿನಕ್ಕೆ 3,000 ಮಿತಿ ಅಂತ ಯಾರೂ ನೋಡಲಿಲ್ಲ. ಐಸಿಯುನಿಂದ ಹೊರಗೆ ಬಂದಾಗ ಆಸ್ಪತ್ರೆಯವರು ದೊಡ್ಡ ರೂಮ್ ಖಾಲಿ ಇದೆ ಅಂದರು, ನಾವು ಹೂಂ ಅಂದೆವು. ರೂಮಿನ ವ್ಯತ್ಯಾಸ ಮಾತ್ರ ಕಳೆಯುತ್ತಾರೆ ಅಂದುಕೊಂಡರೆ ಅದೇ ಲೆಕ್ಕದಲ್ಲಿ ಡಾಕ್ಟರ ಫೀಸು, ಬೇರೆ ಚಾರ್ಜು ಎಲ್ಲ ಕತ್ತರಿಸಿದರು. ನಿನ್ನ ಆಫೀಸಿನ ಪಾಲಿಸಿಯಲ್ಲಿ ಈ ಮಿತಿ ಇದೆಯಾ ಅಂತ ಇವತ್ತೇ ನೋಡು.

ನೀನು ಸಹಾಯ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಚಿಕ್ಕವಳಿರುವಾಗ ಪ್ರತಿ ಭಾನುವಾರ ಮಾವ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಗಲ್ಲಾದ ಪಕ್ಕ ಕೂರಿಸಿ ಬಿಸಿ ಗೋಳಿಬಜೆ ತಿನ್ನಿಸುತ್ತಿದ್ದ. ಅವನಿಗೆ ನೀನು ಏನೂ ಮಾಡದೆ ಇರಲಾರೆ ಅಂತ ನನಗೆ ಗೊತ್ತು. ಫಿಸಿಯೋದವರು ದಿನಾ ಬರುತ್ತಾರೆ, ಅವರ ತಿಂಗಳ ಫೀಸು ನೀನು ಕೊಡು. ಸಂಬಳದಲ್ಲಿ ಆಗುವಷ್ಟು, ಸಾಲ ಮಾಡದೆ.

ಇನ್ನೊಂದು ಕೆಲಸ ನಿನ್ನಿಂದಲೇ ಆಗಬೇಕು. ಫ್ಲ್ಯಾಟಿನ ಲೋನ್ ಫೈಲಿನಲ್ಲಿ ಒಂದು ಇನ್ಶೂರೆನ್ಸ್ ಕಾಗದ ಸಿಕ್ಕಿದೆ. ಲೋನ್ ಕೊಡುವಾಗ ಬ್ಯಾಂಕಿನವರೇ ಜೊತೆಗೆ ಮಾರಿದ್ದು, ಅತ್ತೆಗೆ ಅದು ಏನಂತಲೇ ಗೊತ್ತಿಲ್ಲ. ಅದರಲ್ಲಿ ದೊಡ್ಡ ಕಾಯಿಲೆಗಳ ಪಟ್ಟಿ ಇದೆ, ಲಕ್ವದ ಹೆಸರೂ ಇದೆ. ಆದರೆ ಮೂರು ತಿಂಗಳಾದರೂ ತೊಂದರೆ ಉಳಿದಿದೆ, ಅದು ಶಾಶ್ವತ ಅಂತ ತೋರಿಸಬೇಕು ಅಂತ ಬರೆದಿದ್ದಾರೆ. ಅಂದರೆ ಇನ್ನು ಆರು ವಾರ ಕಳೆದ ಮೇಲೆ ನರರೋಗದ ಡಾಕ್ಟರಿಂದ ಸರ್ಟಿಫಿಕೇಟ್ ಬೇಕು, ಎಂಆರ್‌ಐ ಕಾಪಿ ಬೇಕು. 28 ಪುಟದ ಇಂಗ್ಲಿಷು, ನನಗೂ ಅಪ್ಪನಿಗೂ ಅರ್ಧಂಬರ್ಧ ಅರ್ಥವಾಯಿತು. ಸಿಕ್ಕರೆ ಮನೆಯ ಸಾಲ ಎಷ್ಟೋ ಹಗುರ ಆಗುತ್ತದೆ. ಸಿಗುತ್ತದೆ ಅಂತ ಅತ್ತೆಗೆ ಇನ್ನೂ ಹೇಳಿಲ್ಲ, ನೀನು ಓದುವವರೆಗೆ ಹೇಳುವುದೂ ಬೇಡ.

ಶನಿವಾರ ಬಾ. ಕಲ್ಯಾಣದಲ್ಲಿ ಇಳಿದರೆ ಅಪ್ಪ ಸ್ಟೇಷನ್ನಿಗೆ ಬರುತ್ತಾರೆ. ಲ್ಯಾಪ್‌ಟಾಪ್ ತಾ, ಎಲ್ಲ ಕಾಗದ ಸ್ಕ್ಯಾನ್ ಮಾಡಿ ಒಂದು ಕಡೆ ಇಡಬೇಕು. ನಮ್ಮಿಬ್ಬರ ಬ್ಯಾಂಕು, ಎಫ್‌ಡಿ, ನಾಮಿನಿ, ಪಾಲಿಸಿ ಎಲ್ಲ ಇನ್ನೊಂದು ಪುಸ್ತಕದಲ್ಲಿ ಬರೆದಿದ್ದೇನೆ, ಗೋದ್ರೆಜ್ ಕಪಾಟಿನಲ್ಲಿ ಸೀರೆಗಳ ಕೆಳಗೆ ಇದೆ, ಆವತ್ತೇ ಅದನ್ನೂ ತೋರಿಸುತ್ತೇನೆ, ಆಗ ನೀನು ಅಳಬಾರದು. ಮಾವನಿಗೆ ಅಂತ ಬಾಕರವಡಿ ತರಬೇಡ, ಗಟ್ಟಿ ಪದಾರ್ಥ ನುಂಗಲು ಆಗುವುದಿಲ್ಲ, ಕಣ್ಣೆದುರು ಇಟ್ಟರೆ ಸುಮ್ನೆ ಆಸೆ ಆಗುತ್ತದೆ. ನಾಲ್ಕು ಮೆತ್ತಗಿನ ಹತ್ತಿ ಬನಿಯನ್ ತಾ, ಮುಂದೆ ಗುಂಡಿ ಇರುವಂಥದ್ದು, ತೊಡಿಸಲು ಸುಲಭ.

ನಿನ್ನ
ಅಮ್ಮ